ಸಿಗದವನು

ಮಳೆಗಾಲ ಕಳೆದು ದೋಣಿಗಳು ಮತ್ತೆ ಕಡಲಿಗಿಳಿಯುವ ಸಮಯ. ಇಳಿಹೊತ್ತಿನ ಅಸರ್ ಬಾಂಗು ಮುಗಿದದ್ದೇ, ನಿಸಾಮುದ್ದೀನ್ ಕುಂಬಳೆ ಪೇಟೆಯಿಂದ ಒಂದು ಕಟ್ಟು ಬಿಳಿ ಬಟ್ಟೆ ತಂದು ಕೈಜಮ್ಮನ ಜಗಲಿಯಲ್ಲಿ ಇಟ್ಟ. ಅವನು ಕೈಜಮ್ಮನ ತಂಗಿಯ ಮಗ, ಮಸೀದಿ ಕಮಿಟಿಯ ಕಾರ್ಯದರ್ಶಿ. ಬಾಗಿಲ ಹಿಂದೆ ನಿಂತಿದ್ದ ಕೈಜಮ್ಮನ ಸೊಸೆ ಶಹಾನಾ ಆ ಬಟ್ಟೆ ಯಾರಿಗೆಂದು ಕೇಳಬೇಕಾಗಿರಲಿಲ್ಲ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇದ್ದತ್ ಕೂರುವಾಗ ಉಡುವ ಬಟ್ಟೆ ಅದು.

ಅವಳ ಗಂಡ ಫಸಲ್ ಕೆಲಸಕ್ಕಿದ್ದ ಸರಕಿನ ಹಡಗು ಶಾರ್ಜಾದಿಂದ ಹೊರಟದ್ದು ಹೌದು, ಎಲ್ಲಿಗೂ ಮುಟ್ಟಿದ್ದಿಲ್ಲ. ಆ ದಿನಗಳಲ್ಲಿ ಗಾಳಿಯಿರಲಿಲ್ಲ, ಮಳೆಯಿರಲಿಲ್ಲ. ಹುಡುಕಿದವರಿಗೆ ಒಂದು ಹಲಗೆಯೂ ಸಿಗಲಿಲ್ಲ, ನೀರ ಮೇಲೆ ಎಣ್ಣೆಯ ಪಸೆ ಕೂಡ ಕಾಣಲಿಲ್ಲ. ಆಮೇಲೆ ಎರಡು ಮಳೆಗಾಲ ಹೋದವು. ಒಣ ಸಿಗಡಿಯ ಚಟ್ನಿ ಇಲ್ಲದೆ ಫಸಲ್‌ಗೆ ಗಂಜಿ ಇಳಿಯುತ್ತಿರಲಿಲ್ಲ. ಕೈಜಮ್ಮ ಈ ವರ್ಷವೂ ಮೊರದಲ್ಲಿ ಸಿಗಡಿ ಹಾಕಿಕೊಂಡು ಕಸ ಆರಿಸುತ್ತಾ ಕೂತಿದ್ದಳು.

“ಬರುವ ಶುಕ್ರವಾರ ಜುಮಾ ಆದ ಮೇಲೆ ಫಸಲ್‌ನ ಮಯ್ಯತ್ ನಮಾಝ್ ಮಾಡುವ, ಮೂತಮ್ಮ,” ಎಂದ ನಿಸಾಮುದ್ದೀನ್. “ಇವಳು ಇದ್ದತ್ ಮುಗಿಸಲಿ. ದೇಲಂಪಾಡಿಯಲ್ಲಿ ಇವಳ ಮನೆಯವರು ಒಂದು ಸಂಬಂಧ ನೋಡಿದ್ದಾರಂತೆ. ಇವಳದ್ದು ಸಣ್ಣ ಪ್ರಾಯ. ಎಷ್ಟು ವರ್ಷ ಅಂತ ಹೀಗೆ ಕೂರುವುದು?”

“ಮಯ್ಯತ್ ಎಲ್ಲುಂಟು?” ಕೈಜಮ್ಮ ಮೊರದಿಂದ ಕಣ್ಣೆತ್ತಲಿಲ್ಲ.

“ಶವ ಇಲ್ಲದೆಯೂ ಮಾಡಲಿಕ್ಕಾಗ್ತದೆ. ದುಬೈಯಲ್ಲಿ ತೀರಿಹೋದವರಿಗೆ ನಾವು ಇಲ್ಲಿ ಮಾಡುವುದಿಲ್ವಾ?”

“ಅವರು ತೀರಿಹೋದದ್ದನ್ನು ನೋಡಿದವರುಂಟು. ನನ್ನ ಮಗನನ್ನು ಯಾರು ನೋಡಿದ್ದು?”

“ಎಂತ ಮೂತಮ್ಮ ನೀವು! ಹೋದ ವರ್ಷ ಅಷ್ಟು ದೊಡ್ಡ ವಿಮಾನವೇ ಕಡಲ ಮೇಲೆ ಕಾಣೆಯಾಯ್ತಲ್ಲ. ಇಡೀ ಲೋಕ ಹುಡುಕಿತು. ಕಡೆಗೆ ಎಲ್ಲರೂ ಸತ್ತರು ಅಂತಲೇ ಹೇಳಿದರು.”

“ಸಿಗಲಿಲ್ಲ ಅಂತ ಹೇಳಲಿಕ್ಕೆ ನಾಚಿಕೆ ಮಾರಾಯ ಅವರಿಗೆ. ಅದಕ್ಕೆ ಸತ್ತರು ಅನ್ನುವುದು. ಹಡಗು ಮುಳುಗಿತಾ, ತೇಲ್ತಾ ಉಂಟಾ ಅಂತ ಕಂಪೆನಿಗೆ ಗೊತ್ತಿಲ್ಲ, ಸರ್ಕಾರಕ್ಕೆ ಗೊತ್ತಿಲ್ಲ. ಇಲ್ಲಿ ಸಿಗಡಿ ಆರಿಸುವ ನಾನು ಹೇಳಬೇಕಾ?”

ಶಹಾನಾ ಬಾಗಿಲ ಹಿಂದೆಯೇ ಅತ್ತೆಯ ಮಾತು ಕೇಳಿಸಿಕೊಂಡಳು. ಉಮ್ಮ ಒಮ್ಮೆ ಇಲ್ಲ ಅಂದರೆ ಮುಗಿಯಿತು. ಬಣ್ಣದ ಬಟ್ಟೆ ಹಾಕಿದರೆ ಊರ ಹೆಂಗಸರದ್ದು ಒಂದು ಮಾತು, ಹಾಕದಿದ್ದರೆ ಇನ್ನೊಂದು. ಈ ಮುದುಕಿಯ ಹಠದೊಳಗೆ ತಾನೂ ಮುದುಕಿಯಾಗಿಬಿಡುತ್ತೇನೆ ಅನಿಸಿತು ಅವಳಿಗೆ.

ಕೈಜಮ್ಮ ಮೊರ ಕೆಳಗಿಟ್ಟಳು. “ಸತ್ತ ಅಂತ ಹೇಳದೆ ಇವಳನ್ನು ಬಿಡಿಸಲಿಕ್ಕೆ ದಾರಿ ಇಲ್ವಾ?”

ನಿಸಾಮುದ್ದೀನ್ ಟೊಪ್ಪಿ ಸರಿಮಾಡಿಕೊಂಡ. “ಉಂಟು. ಗಂಡ ಕಾಣೆಯಾಗಿದ್ದಾನೆ, ಈ ನಿಕಾಹ್ ಬಿಡಿಸಿಕೊಡಿ ಅಂತ ಇವಳೇ ಖಾಝಿಯವರ ಮುಂದೆ ನಿಂತು ಕೇಳಬೇಕು. ಊರವರು ಸುಮ್ಮನಿರ್ತಾರಾ? ಕಡಲಿಗೆ ಹೋದವನನ್ನು ಕೈಬಿಟ್ಟಳು ಅಂತ ಆಡಿಕೊಳ್ಳುವುದು ಇವಳನ್ನೇ.”

“ಆಡಲಿ. ಪಕ್ಕದಲ್ಲಿ ನಾನು ನಿಲ್ತೇನೆ.” ಬಾಗಿಲ ಹಿಂದಿದ್ದ ಸೊಸೆಯ ಕಡೆ ತಿರುಗಿದಳು. “ಮೋಳೇ, ನಾಳೆ ಆ ಹಸಿರು ಚೂಡಿದಾರ ಹಾಕು. ಅಳುವ ಮುಖ ತಕ್ಕೊಂಡು ಬರಬೇಡ.”

ಮರುದಿನ ಖಾಝಿಯವರ ಮುಂದೆ ಶಹಾನಾ ತಲೆಯೆತ್ತಿ, ಕೇಳಬೇಕಾದ್ದನ್ನು ಕೇಳಿದಳು. ಒಂದು ಮಾತೂ ತಡವರಿಸಲಿಲ್ಲ. ಖಾಝಿಯವರು ಕೈಜಮ್ಮನ ಕಡೆ ನೋಡಿದರು. “ಹಾಗಾದರೆ ಮಗ ಇನ್ನಿಲ್ಲ ಅಂತ ನೀವೂ ಒಪ್ಪಿದಿರಿ.”

“ಯಾರು ಒಪ್ಪಿದ್ದು? ಅವನು ಬರ್ತಾನೆ.”

“ಬಂದು, ಹೆಂಡತಿ ಎಲ್ಲಿ ಅಂತ ಕೇಳಿದರೆ?”

“ತಡ ಮಾಡಿದ್ದು ನೀನು ಅಂತ ಹೇಳ್ತೇನೆ. ಬೇರೆ ಹುಡುಗಿ ನೋಡ್ತೇನೆ.”

ಖಾಝಿಯವರಿಗೆ ಬಂದ ನಗು ಗಡ್ಡದೊಳಗೇ ಉಳಿಯಿತು.

ಖಾಝಿಯವರು ನಿಕಾಹ್ ಬಿಡಿಸಿಕೊಡಲು ಒಂದಷ್ಟು ದಿನ ಹಿಡಿಯಿತು. ಶಹಾನಾ ಆ ಮನೆಯಿಂದ ತವರಿಗೆ ಹೊರಟದ್ದು ಒಂದು ಬುಧವಾರ, ಬೆಳಗಿನ ಬಸ್ಸಿಗೆ. ಉಮ್ಮನ ಕೈ ಹಿಡಿದದ್ದೇ ಅವಳಿಗೆ ಅಳು ಉಕ್ಕಿತು. “ಹೋಗು, ಬಸ್ಸು ತಪ್ಪುತ್ತದೆ” ಎಂದು ಕೈಜಮ್ಮ ಕೈ ಬಿಡಿಸಿಕೊಂಡಳು. ಗೇಟು ದಾಟಿ ಶಹಾನಾ ತಿರುಗಿ ನೋಡಿದಾಗ, ನಿಸಾಮುದ್ದೀನ್ ತಂದ ಬಿಳಿ ಬಟ್ಟೆ ಅಂಗಳದ ಉದ್ದಕ್ಕೂ ಹಾಸಿತ್ತು. ಅದರ ಮೇಲೆ ಕೈಜಮ್ಮ, ಬೊಗಸೆ ಬೊಗಸೆಯಾಗಿ, ಸಿಗಡಿ ಹರಡುತ್ತಿದ್ದಳು.