ಕಾಸು ಬಾರದ ಉತ್ತರ

"ಅತ್ತೆ, ಆ ಸೈಟಿನವರು ದುಡ್ಡು ಕೊಡೋದು ನೀವು ಬರೆಯೋ ಬ್ಲಾಗಿಗೆ ಮಾತ್ರ. ಕಾಮೆಂಟಿಗೆ ಉತ್ತರ ಕೊಟ್ರೆ ಬಿಡಿಗಾಸೂ ಹುಟ್ಟಲ್ಲ!" ಎಂದು ಅಳಿಯ ನಕ್ಕ.

ಹೊಲಿಗೆಯ ಬಗ್ಗೆ ಬರೆದೇ ಮನೆಬಾಡಿಗೆ ದುಡಿಯುತ್ತಿದ್ದ ಅತ್ತೆ, ಕತ್ತಿಗೆ ಟೇಪು ನೇತುಹಾಕಿಕೊಂಡು ಮೊಬೈಲನ್ನು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದರು. "ಪಾಪ, ಕಾಮೆಂಟು ಹಾಕಿರೋ ಈ ಹುಡುಗಿ ಅಪ್ಪನಿಗೆ ಅಂಗಿ ಹೊಲಿದಿದ್ದಾಳೆ. ಕೈ ಎತ್ತಿದ್ರೆ ಕಂಕುಳಲ್ಲಿ ಹಿಡಿಯುತ್ತಂತೆ. ನಾಳೆ ಅವರಿಗೆ ಇಂಟರ್‌ವ್ಯೂ. ನಾನೇ ಹೊಲಿದು ನೋಡದೆ ಬಾಯಿಗೆ ಬಂದಿದ್ದು ಹೇಳೋಕಾಗುತ್ತಾ?"

ಅವರ ಮಡಿಲಲ್ಲಿ ಹಳೇ ಬೆಡ್‌ಶೀಟಿನಲ್ಲಿ ಪರೀಕ್ಷೆಗೆಂದು ಹೊಲಿದ, ಒಂದೇ ತೋಳಿನ ಅಂಗಿಯಿತ್ತು. ಕಂಕುಳ ಹೊಲಿಗೆಯನ್ನು ಮೂರು ಸಲ ಬಿಚ್ಚಿದ ಗುರುತೂ ಇತ್ತು.

ಅಳಿಯ ವಾಚು ಬಿಚ್ಚಿಟ್ಟು ಆ ಅಂಗಿ ತೊಟ್ಟು, ಕೈಯನ್ನು ತಲೆಯ ಮೇಲಕ್ಕೆ ಎತ್ತಿದ.

"ಇನ್ನೂ ಒಂಚೂರು ಹಿಡೀತಿದೆ, ಅತ್ತೆ. ಬಿಚ್ಚಿ, ಇನ್ನೊಂದ್ಸಲ ನೋಡೋಣ."