ಒಂದೇ ಕೊಂಬೆಯ ಹೂ

ಬೋರಿಸ್ ಉದ್ಯಾನದ ಗೇಟಿನಲ್ಲೇ ರಂಗೆಲ್ ನೆವೆನಾಳ ತೋಳು ಹಿಡಿದುಕೊಂಡ. ಕೊಳದಾಚೆಯ ಕಾಡು ಪ್ಲಮ್ ಗಿಡ ಹೂ ಬಿಟ್ಟಿದೆ, ಬೆಳಿಗ್ಗೆ ತಾನೇ ಕಣ್ಣಾರೆ ನೋಡಿದ್ದೇನೆ ಎಂದ. ಎಪ್ಪತ್ತು ದಾಟಿದವನು, ಓಡುತ್ತಿರಲಿಲ್ಲ ಅಷ್ಟೆ, ಉಳಿದದ್ದೆಲ್ಲ ಓಟವೇ.

ನೆವೆನಾ ಕೋಟಿನ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡಳು. ಮಾರ್ಚ್ ಒಂದರಂದು ಸೋಫಿಯಾ ನಗರದ ಎಲ್ಲರಂತೆ ಅವಳೂ ಅಲ್ಲಿಗೆ ಕೆಂಪು-ಬಿಳಿ ದಾರ ಕಟ್ಟಿಕೊಂಡಿದ್ದಳು. ಹೂಬಿಟ್ಟ ಮೊದಲ ಮರ ಕಂಡಾಗ ಅದನ್ನು ಬಿಚ್ಚಿ ಆ ಮರಕ್ಕೇ ಕಟ್ಟಬೇಕು ಎನ್ನುವುದು ಅಲ್ಲಿಯ ವಾಡಿಕೆ. ಅದೇ ದಿನ ಎದುರು ಮನೆಯ ರಂಗೆಲ್ ಮದುವೆಯ ಮಾತೆತ್ತಿದ್ದ. ಗಂಡ ಹೋದ ಮೇಲೆ ಒಬ್ಬಳೇ ಇದ್ದು ಅಭ್ಯಾಸವಾದವಳಿಗೆ ಹೂಂ ಎನ್ನಲೂ ಭಯ, ಊಹೂಂ ಎನ್ನಲೂ ಭಯ. ದಾರ ಬಿಚ್ಚುವ ದಿನ ಉತ್ತರ ಹೇಳುತ್ತೇನೆ ಎಂದುಬಿಟ್ಟಿದ್ದಳು. ಈ ಸಲ ಚಳಿ ಹೊರಡುವ ಲಕ್ಷಣವೇ ಇರಲಿಲ್ಲ. ರಂಗೆಲ್ ದಿನವೂ ಉದ್ಯಾನದ ಮರಗಳ ಕೆಳಗೆ ಕತ್ತೆತ್ತಿಕೊಂಡು ಅಲೆದು ಕುತ್ತಿಗೆ ಉಳುಕಿಸಿಕೊಂಡಿದ್ದ.

ಗಿಡ ದೂರದಿಂದಲೇ ಕಂಡಿತು. ನಿಜಕ್ಕೂ ಒಂದು ಕೊಂಬೆಯ ತುಂಬ ಬೆಳ್ಳನೆಯ ಹೂ. ಉಳಿದ ಕೊಂಬೆಗಳಲ್ಲಿ ಮೊಗ್ಗೂ ಇಲ್ಲ.

“ಒಂದೇ ಕೊಂಬೆಗೆ ವಸಂತ ಬಂತಾ?”

“ಆ ಕಡೆ ಬಿಸಿಲು ಜಾಸ್ತಿ ಬೀಳತ್ತೆ,” ಎಂದ ರಂಗೆಲ್, ಅವಳ ಮುಖ ನೋಡದೆ.

ನೆವೆನಾ ಕನ್ನಡಕ ಹಾಕಿಕೊಂಡಳು. ಹತ್ತಿರ ಹೋದರೆ ಉದುರಿಬಿಡುತ್ತದೆ ಎಂದು ಅವನು ಅಡ್ಡ ನಿಂತ. ಅವನ ಕೋಟಿನ ಕಾಲರಿನ ಮೇಲೂ ಒಂದು ಹೂ ಕುಳಿತಿತ್ತು. ಅವಳು ಅದನ್ನು ಎತ್ತಿ, ಮೂಸಿ, ಬಾಯಿಗೆ ಹಾಕಿಕೊಂಡಳು.

“ಉಪ್ಪು ಸ್ವಲ್ಪ ಮುಂದಾಯ್ತು.”

ರಂಗೆಲ್‌ನ ಕಿವಿ ಕೆಂಪಾಯಿತು. ಗೇಟಿನ ಬಳಿಯ ಗಾಡಿಯಲ್ಲಿ ಪಾಪ್‌ಕಾರ್ನ್ ಕೊಂಡು ಒಂದೊಂದನ್ನೇ ಕೊಂಬೆಯ ಮುಳ್ಳಿನ ತುದಿಗೆ ಚುಚ್ಚಿದ್ದನಂತೆ. ಬೆಳಗಿನಿಂದ ಅದೇ ಕೆಲಸವಂತೆ. ಅವನು ಹೇಳಿ ಮುಗಿಸುವಷ್ಟರಲ್ಲಿ ಗುಬ್ಬಿಯೊಂದು ಬಂದು ಹೂ ಕಚ್ಚಿಕೊಂಡು ಹಾರಿತು. ಹಿಂದೆಯೇ ಅದರ ಬಳಗವೆಲ್ಲ ಬಂತು. ಅವನು ಉಶ್ ಉಶ್ ಎಂದು ಈ ಕಡೆ ಟೋಪಿ ಬೀಸಿದರೆ ಅವು ಆ ಕಡೆಯಿಂದ ನುಗ್ಗಿದವು. ನೆವೆನಾ ಗಿಡ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಬಿಕ್ಕಳಿಕೆ ಬಂತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸದಾ ಹಿಂತಿರುಗುವವಳು ಇವತ್ತು ಹಿಂತಿರುಗಲಿಲ್ಲ.

“ಹೋಗ್ಲಿ ಬಿಡಿ,” ಎಂದ ರಂಗೆಲ್, ಸೋತು ಟೋಪಿ ತಲೆಗೇರಿಸಿಕೊಳ್ಳುತ್ತ. “ನಿಜವಾದ ಹೂ ಬರೋ ತನಕ ಕಾಯ್ತೀನಿ.”

“ಅದು ಬಂದಾಗಿದೆ,” ಎಂದಳು ನೆವೆನಾ. “ನಮ್ಮನೆ ಹಿಂದಿನ ಬೀದಿಯ ಏಪ್ರಿಕಾಟ್ ಮರ ಹೋದ ವಾರವೇ ಮೈತುಂಬ ಹೂ ಬಿಟ್ಟಿದೆ. ನೋಡಿದ್ರೆ ಉತ್ತರ ಹೇಳ್ಬೇಕಲ್ಲ ಅಂತ ದಿನಾ ಆ ಬೀದಿ ಬಿಟ್ಟು ಸುತ್ತು ಹಾಕ್ಕೊಂಡು ಬರ್ತಿದೀನಿ.”

ಟೋಪಿ ಹಿಡಿದ ರಂಗೆಲ್‌ನ ಕೈ ತಲೆಯ ಮೇಲೇ ನಿಂತಿತು. ಅವನು ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಮಣಿಕಟ್ಟು ಅವನ ಮುಂದೆ ಚಾಚಿದ್ದಳು. ಬಿಗಿದುಹೋದ ಆ ದಾರದ ಗಂಟು ಒಂದು ಕೈಯಿಂದ ಬಿಚ್ಚುವಂಥದ್ದಲ್ಲ.

“ಬೇಗ ಬಿಚ್ಚೋ ಮಾರಾಯ,” ಎಂದಳು ಬಿಕ್ಕಳಿಸುತ್ತ, “ಕೊಂಬೇಲಿ ಇನ್ನೆರಡೇ ಹೂ ಉಳಿದಿರೋದು.”