ಯಮನವ್ವನ ಪ್ರಶ್ನೆ

"ಒಂದೇ ವಸ್ತು, ಎರಡು ಕಡೆ ಉಲ್ಟಾ ಕೆಲಸ. ನಿಮ್ಮ ಅಳತೆಯೇ ತಪ್ಪಿರಬಹುದಲ್ಲ?" ಎಂದು ಪರೀಕ್ಷಕರು ಭಾಗ್ಯಾಳನ್ನು ಕೇಳಿದರು.

೨೦೦೧ರ ಆ ಬೆಳಿಗ್ಗೆ ಪುಣೆಯಲ್ಲಿ ಅವಳ ಪಿಎಚ್.ಡಿ. ಮೌಖಿಕ ಪರೀಕ್ಷೆ, ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳಬಹುದಾದಂಥದ್ದು. ಜೀವಕೋಶದ ಪೊರೆಯಲ್ಲಿ ಉಪ್ಪನ್ನು ಆಚೆ ದಬ್ಬುವ ಒಂದು ಕಿಣ್ವ ಇರುತ್ತದೆ, ಥೇಟ್ ಪಂಪಿನಂತೆ. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ನರಗಳು ಸುದ್ದಿ ಸಾಗಿಸಲು ಬಳಸುವ ಡೋಪಮಿನ್ ಹನಿಸಿದರೆ ಇಲಿಯ ಶ್ವಾಸಕೋಶದಲ್ಲಿ ಆ ಪಂಪು ಚುರುಕಾಗುತ್ತಿತ್ತು, ಮೂತ್ರಪಿಂಡದಲ್ಲಿ ಮಂದವಾಗುತ್ತಿತ್ತು. ಹದಿನೆಂಟು ಸಲ ಮಾಡಿ ನೋಡಿದ್ದಳು. ಹದಿನೆಂಟು ಸಲವೂ ಅಷ್ಟೇ.

ಅದನ್ನೇ ಹೇಳಿದಳು. ಪರೀಕ್ಷಕರ ಮುಖ ಸಡಿಲಾಗಲಿಲ್ಲ. "ಸಭಿಕರು ಕೇಳುವುದಿದೆಯೇ?" ಎಂದರು.

ಕೊನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅವ್ವ! ಯಾದಗಿರಿ ಕಡೆಯಿಂದ ಬಂದು ಪುಣೆಯ ಧನಕವಡಿ ಬಡಾವಣೆಯ ಕಟ್ಟಡಗಳಿಗೆ ಇಪ್ಪತ್ತು ವರ್ಷ ಇಟ್ಟಿಗೆ ಹೊತ್ತ ಯಮನವ್ವ. ಎಂಟು ದಿನದಿಂದ ಮಗಳು ಎದುರಿಗೆ ಕೂತು ಒಪ್ಪಿಸಿದ್ದನ್ನೆಲ್ಲ ಆಕೆ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಿದ್ದಳು.

"ಭಾಗ್ಯಾ, ಪುಪ್ಪಸದಾಗ ಪಂಪು ಜೋರಾದ್ರ ನೀರು ಎಲ್ಲಿ ಹೋಗತದ?"

"ಗಾಳಿ ಚೀಲ ಬಿಟ್ಟು ರಕ್ತಕ್ಕ, ಅವ್ವ."

"ಕಿಡ್ನ್ಯಾಗ ಮೆತ್ತಗಾದ್ರ?"

"ಉಪ್ಪು ರಕ್ತಕ್ಕ ತಿರುಗಿ ಬರಂಗಿಲ್ಲ. ನೀರು ಕರಕೊಂಡು ಹೊರಗ ಹೋಗತದ."

"ಮತ್ತ ಒಂದ ಕೆಲಸ ಆತಲ್ಲ! ಅಲ್ಲಿ ಎತ್ತಿದ ನೀರು ಇಲ್ಲಿ ಹೊರಗ ಚೆಲ್ಲತದ. ಉಲ್ಟಾ ಎಲ್ಲಿ ಬಂತು?"

ಪರೀಕ್ಷಕರು ಏನೆಂದು ಮರಾಠಿಯಲ್ಲಿ ವಿಚಾರಿಸಿದರು. ಭಾಗ್ಯಾ ಅವ್ವನ ಮಾತನ್ನು ಮರಾಠಿಗೆ ತಿರುಗಿಸಿ ಹೇಳತೊಡಗಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಅವಳಿಗೂ ಅದು ಹೊಳೆದು ದನಿ ಗಟ್ಟಿಯಾಯಿತು. ಮೂರು ವರ್ಷದ ಅಂಕಿಗಳನ್ನು ಒಂದೊಂದಾಗಿ ಆ ಮಾತಿಗೆ ಜೋಡಿಸುತ್ತ ಹೋದಳು. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಚಪ್ಪಾಳೆ ಶುರುಮಾಡಿದವರೂ ಅವರೇ.

ಪದವಿಗೆ ಶಿಫಾರಸಾಯಿತು. ಪ್ರಶ್ನೆ ಕೇಳಿದವರೆಲ್ಲ ಒಂದು ಹಾಳೆಯಲ್ಲಿ ಸಹಿ ಹಾಕಬೇಕೆಂಬ ನಿಯಮವಿತ್ತು. ಗುಮಾಸ್ತ ಅದನ್ನು ಹಿಡಿದು ಕೊನೇ ಸಾಲಿಗೂ ಬಂದ. ಪರೀಕ್ಷಕರ ಸಹಿಯ ಕೆಳಗೆ ಹೆಬ್ಬೆರಳು ಒತ್ತಿದ ಯಮನವ್ವ, ಹಾಳೆ ಬಿಡದೆ ಮಗಳ ಕಡೆ ತಿರುಗಿದಳು:

"ಇನ್ನೊಂದ್ ಕೇಳೂದದ. ಅದಕ್ಕ ಬ್ಯಾರೆ ಒತ್ತಬೇಕೇನು, ಕೇಳ ಅವರನ್ನ."